ಹಳೇ ಡೊಮೈನ್‌ಗೆ ಗೂಗಲ್ ಮಣೆ ಹಾಕುತ್ತಾ?

ಕಳೆದ ವಾರ ಜೆ.ಪಿ. ನಗರದಿಂದ ಭಾವನ ಫೋನು. ಅವರದು ಮದುವೆ, ಮುಂಜಿಗೆ ಅಡುಗೆ ಮಾಡಿಸಿಕೊಡುವ ವ್ಯವಹಾರ. ವೆಬ್‌ಸೈಟ್ ಮಾಡಿಸಲು ಹೋದರೆ ಏಜೆಂಟ್ ಒಬ್ಬ '15 ವರ್ಷ ಹಳೇ ಡೊಮೈನ್ ಇದೆ ಸಾರ್, 40 ಸಾವಿರ. ಗೂಗಲ್‌ನಲ್ಲಿ ಸೀದಾ ಮೇಲೆ ಬರ್ತೀರಿ' ಅಂದನಂತೆ. 'ನೀನು ಇಂಜಿನಿಯರಿಂಗ್ ಓದಿದವನು, ಹೇಳಪ್ಪ, ತಗೊಳ್ಳಲಾ?'

ಬೇಡ ಅಂದೆ. ಆದರೆ ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. 2003ರಲ್ಲಿ ಗೂಗಲ್ ಸಲ್ಲಿಸಿದ ಪೇಟೆಂಟ್ ಅರ್ಜಿಯೊಂದರಲ್ಲಿ, ಪುಟ ಮೊದಲು ಯಾವಾಗ ಕಣ್ಣಿಗೆ ಬಿತ್ತು, ಡೊಮೈನ್ ಎಷ್ಟು ವರ್ಷಕ್ಕೆ ನೋಂದಣಿಯಾಗಿದೆ ಎಂಬುದನ್ನೂ ರ‍್ಯಾಂಕಿಂಗ್‌ಗೆ ಬಳಸಬಹುದು ಎಂದಿತ್ತು. 'ಬಳಸಬಹುದು' ಅನ್ನೋದು ಬಾಯಿಂದ ಬಾಯಿಗೆ 'ಬಳಸ್ತಾರೆ' ಆಯ್ತು. 2010ರಲ್ಲಿ ಗೂಗಲ್‌ನ ಮ್ಯಾಟ್ ಕಟ್ಸ್, ಆರು ತಿಂಗಳ ಡೊಮೈನ್‌ಗೂ ವರ್ಷದ ಡೊಮೈನ್‌ಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ ಎಂದರು. 2019ರಲ್ಲಿ ಅದೇ ಕಂಪನಿಯ ಜಾನ್ ಮುಲ್ಲರ್, ವಯಸ್ಸಿನಿಂದ ಏನೂ ಲಾಭವಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು. (ಕಂಪನಿಯವರ ಮಾತನ್ನು ಕಣ್ಣು ಮುಚ್ಚಿ ನಂಬಬೇಕು ಅಂತೇನಿಲ್ಲ.)

ಹಾಗಾದ್ರೆ ಹಳೇ ಸೈಟುಗಳೇ ಯಾಕೆ ಮೇಲಿರುತ್ತವೆ? ನಮ್ಮ ಜಯನಗರದ ದಟ್ಸ್‌ಕನ್ನಡವನ್ನೇ ನೋಡಿ. ಹೆಸರೂ ವಿಳಾಸವೂ ಬದಲಾಗಿ ಅದು ಒನ್‌ಇಂಡಿಯಾ ಕನ್ನಡ ಆಯಿತು. ಆದರೂ ಕನ್ನಡ ಸುದ್ದಿ ಹುಡುಕಿದರೆ ಇವತ್ತಿಗೂ ಸಿಗುತ್ತದೆ. ಅಷ್ಟು ವರ್ಷ ಬರೆದ ಪುಟಗಳು, ಬೇರೆಯವರು ಕೊಟ್ಟ ಲಿಂಕುಗಳು, ಹುಡುಕಿಕೊಂಡು ಬರುವ ಓದುಗರು, ಇದು ಆಸ್ತಿ. ಹಳೇ ವಿಳಾಸದ ಲಿಂಕುಗಳನ್ನು ಹೊಸದಕ್ಕೆ ಸರಿಯಾಗಿ ತಿರುಗಿಸಿದರೆ ಈ ಆಸ್ತಿಯ ಬಹುಪಾಲು ಜೊತೆಗೆ ಬರುತ್ತದೆ. ಡೊಮೈನ್‌ನ ಹುಟ್ಟಿದ ತಾರೀಕು ಮಾತ್ರ ಬರುವುದಿಲ್ಲ, ಅದರ ಅಗತ್ಯವೂ ಇಲ್ಲ.

ಏಜೆಂಟ್ ಮಾರ್ತಿರೋದು ಬರೀ ಆ ತಾರೀಕನ್ನ. ಅದರಲ್ಲಿ ಅಪಾಯವೂ ಇದೆ. ಅವಧಿ ಮುಗಿದ ಡೊಮೈನ್ ಕೊಂಡು, ಅದರ ಹಳೇ ಹೆಸರಿನ ಬಲದ ಮೇಲೆ ಕಳಪೆ ಪುಟಗಳನ್ನು ಮೇಲೆತ್ತುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ಪಟ್ಟಿಗೆ ಸೇರಿಸಿತು. ಅದು ಕೊಟ್ಟ ಒಂದು ಉದಾಹರಣೆ: ಪ್ರಾಥಮಿಕ ಶಾಲೆಯ ಹಳೇ ವಿಳಾಸದಲ್ಲಿ ಕ್ಯಾಸಿನೋ. ಹಳೇ ಹೆಸರು ಕೊಂಡು ಒಳ್ಳೇ ಸೈಟ್ ಮಾಡಿದರೆ ತಪ್ಪೇನಿಲ್ಲ. ಆದರೆ ಹಿಂದೆ ಅಲ್ಲಿ ಏನು ನಡೀತಿತ್ತು ಅಂತ ವೇಬ್ಯಾಕ್ ಮಷೀನ್‌ನಲ್ಲಿ ನೋಡದೆ ದುಡ್ಡು ಕೊಡಬೇಡಿ.

ಇಷ್ಟಕ್ಕೂ 'ಹತ್ತಿರದ ಕೇಟರಿಂಗ್' ಅಂತ ಹುಡುಕುವವರಿಗೆ ಮ್ಯಾಪ್‌ನಲ್ಲಿ ಯಾರನ್ನು ತೋರಿಸಬೇಕು ಅನ್ನೋದಕ್ಕೆ ಗೂಗಲ್ ಹೇಳುವುದು ಮೂರು ಅಂಶ: ಹುಡುಕಿದ್ದಕ್ಕೆ ಎಷ್ಟು ಹೊಂದುತ್ತೆ, ಎಷ್ಟು ದೂರ, ಎಷ್ಟು ಹೆಸರುವಾಸಿ. ಅಂಗಡಿಯ ವಿವರ ತುಂಬಿಸಿ, ಮೆನು ಹಾಕಿ, ಊಟ ಮಾಡಿದವರಿಂದ ರಿವ್ಯೂ ಬರೆಸಿ ಅಂದೆ.

'ರಿವ್ಯೂನೂ ಆ ಏಜೆಂಟೇ ಮಾರ್ತಾನಂತೆ, ನೂರಕ್ಕೆ ಎಷ್ಟೋ...' ಭಾವ ಶುರು ಮಾಡಿದರು.