ಗುರುವಿನ ತಲೆ ಹೊತ್ತವನು

ಊರಲ್ಲಿ ದನ ಸತ್ತರೆ ನಮ್ಮ ಕೇರಿಗೆ ಕರೆ ಬರುತ್ತಿತ್ತು. ಹೊರುವವರು ಯಾರು ಅಂತ ಯಾರೂ ಕೇಳುತ್ತಿರಲಿಲ್ಲ. ನಮ್ಮಜ್ಜ ಹೊತ್ತ, ನಮ್ಮಪ್ಪ ಹೊತ್ತ. ಹೊತ್ತವರ ಹೆಸರನ್ನು ಯಾವ ಶಾಸನವೂ ಬರೆದುಕೊಳ್ಳಲಿಲ್ಲ. ಬಿ.ಎ. ಓದುವಾಗ ರಾಜರ ಹೆಸರುಗಳನ್ನು ಉರು ಹೊಡೆದೆ. ಹೊತ್ತವನೊಬ್ಬನ ಹೆಸರು ಸಿಕ್ಕಿದ್ದು ಪಠ್ಯಪುಸ್ತಕದ ಹೊರಗೆ. ಅವನು ಪಂಜಾಬಿನವನು. ಹೆಸರು ಜೈತಾ.

1675ರ ನವೆಂಬರ್. ದೆಹಲಿಯ ಚಾಂದನಿ ಚೌಕದಲ್ಲಿ ಸಿಖ್ಖರ ಒಂಬತ್ತನೆಯ ಗುರು ತೇಗ್ ಬಹಾದೂರರ ತಲೆ ಕಡಿಸಿದ ಔರಂಗಜೇಬ. ಹೆಣ ಮುಟ್ಟಿದವನ ತಲೆಯೂ ಉರುಳುವ ಹೊತ್ತು ಅದು. ಆಗ ಯಾರು ಬಂದರು? ಲಖಿ ಶಾಹ ಎಂಬ ವಣಜಾರ ಮುಂಡವನ್ನು ಗಾಡಿಯಲ್ಲಿ ಸಾಗಿಸಿದ. ಗುಟ್ಟು ರಟ್ಟಾಗಬಾರದೆಂದು ತನ್ನ ಮನೆಗೇ ಬೆಂಕಿಯಿಟ್ಟು ದಹನ ಮಾಡಿದ. ನಮ್ಮ ಕಡೆ ಲಂಬಾಣಿ ಅಂತೀವಲ್ಲ, ಆ ಹೇರೆತ್ತಿನ ಜನದ ಹೆಸರೇ ಅವನ ಹೆಸರಿಗೂ ಅಂಟಿದೆ.

ತಲೆಯನ್ನು ಎತ್ತಿಕೊಂಡವನು ಜೈತಾ. ಅವನು ರಂಗ್ರೇಟಾ. ಕಸ ಗುಡಿಸುವ, ಮಲ ಹೊರುವ ಕೆಲಸಕ್ಕೆ ಕಟ್ಟಿಹಾಕಿದ್ದ ಜನ ಸಿಖ್ಖರಾದಾಗ ಬಂದ ಹೆಸರು ಅದು. ಬಟ್ಟೆಯಲ್ಲಿ ಸುತ್ತಿಕೊಂಡು, ಸುಮಾರು 300 ಕಿಲೋಮೀಟರ್ ದಾರಿಯನ್ನು ಮೊಗಲರ ಕಣ್ಣು ತಪ್ಪಿಸಿ ದಾಟಿ, ಆನಂದಪುರ ಸೇರಿದ. ಇನ್ನೂ ಒಂಬತ್ತು ತುಂಬದ ಮಗ ಗೋಬಿಂದರು ಅವನನ್ನು ಅಪ್ಪಿಕೊಂಡು, ರಂಗ್ರೇಟರು ಗುರುವಿನ ಮಕ್ಕಳು ಎಂದರಂತೆ. ಮುಟ್ಟಬಾರದ ಕೈ ಹೊತ್ತು ತಂದದ್ದು ಗುರುವಿನ ತಲೆಯನ್ನು!

1699ರ ಬೈಸಾಖಿಯಂದು ಅದೇ ಗೋಬಿಂದರು ಕತ್ತಿ ಹಿರಿದು ತಲೆ ಕೇಳಿದರು. ಎದ್ದವರು ಐದು ಜನ. ಒಬ್ಬ ಖತ್ರಿ, ಒಬ್ಬ ಜಾಟ್, ಒಬ್ಬ ನೀರು ಹೊರುವವ, ಒಬ್ಬ ದರ್ಜಿ. ಐದನೆಯವನು ನಮ್ಮ ಬೀದರಿನ ಕ್ಷೌರಿಕ ಸಾಹಿಬ್ ಚಂದ ಎಂದು ಸಿಖ್ ಸಂಪ್ರದಾಯ ಹೇಳುತ್ತದೆ. ಐವರಿಗೂ ಒಂದೇ ಬಟ್ಟಲಿನಲ್ಲಿ ಅಮೃತ ಕೊಟ್ಟ ಗುರು, ಆಮೇಲೆ ಅವರ ಮುಂದೆ ಬಾಗಿ ಅವರ ಕೈಯಿಂದಲೇ ತಾವೂ ಕುಡಿದರು. ಕ್ಷೌರಿಕನ ಕೈಯಿಂದ ಗುರು ಕುಡಿದದ್ದು ಸಣ್ಣ ಮಾತಲ್ಲ. ಸಾಹಿಬ್ ಸಿಂಗ್ ಆದ ಆ ಬೀದರಿನವನು 1704ರಲ್ಲಿ ಚಮಕೌರಿನ ಕಾಳಗದಲ್ಲಿ ಸತ್ತ. ಜೈತಾ ಜೀವನ್ ಸಿಂಗ್ ಆಗಿ ಕತ್ತಿ ಹಿಡಿದ, ಪದ್ಯವನ್ನೂ ಬರೆದ. 'ಶ್ರೀ ಗುರ್ ಕಥಾ' ಅವನದೇ ಎನ್ನುತ್ತಾರೆ. ಅದೇ ಚಳಿಗಾಲದ ಯುದ್ಧದಲ್ಲಿ ಅವನೂ ಹೋದ.

ಇಲ್ಲಿಗೇ ಕತೆ ಮುಗಿದಿದ್ದರೆ ಭಾಷಣಕ್ಕೆ ಚೆನ್ನಾಗಿರುತ್ತಿತ್ತು. ಮುಗಿಯೋದಿಲ್ಲ.

ಬ್ರಿಟಿಷರ ಸೈನ್ಯದಲ್ಲಿ ಜೈತಾನ ಜನಕ್ಕೆ, ಅಂದರೆ ಮಜಹಬಿ ಸಿಖ್ಖರಿಗೆ, ಪಯನಿಯರ್ ರೆಜಿಮೆಂಟುಗಳೇ ಬೇರೆ. ಬಂದೂಕಿನ ಜೊತೆ ಗುದ್ದಲಿ, ಹಾರೆ. 1895ರಲ್ಲಿ ಚಿತ್ರಾಲಿಗೆ ಹೋಗುವಾಗ ಶಾಂದೂರ್ ಕಣಿವೆಯ ಹಿಮದಲ್ಲಿ ತೋಪುಗಳನ್ನು ಸಾಗಿಸಿದವರಲ್ಲಿ ಇವರಿದ್ದರು. ಅಲ್ಲೂ ಹೊರುವುದೇ!

1920ರ ಅಕ್ಟೋಬರ್ 12. ಹೊಸದಾಗಿ ಅಮೃತ ಪಡೆದ ಕೆಳಜಾತಿಯ ಸಿಖ್ಖರು ಅಮೃತಸರದ ದರ್ಬಾರ್ ಸಾಹಿಬಿಗೆ ಕಡಾಹ್ ಪ್ರಸಾದ ತಂದರು. ಪೂಜಾರಿಗಳು ಮುಟ್ಟೋದಿಲ್ಲ ಅಂದರು. ತಲೆ ಹೊತ್ತ ಕೈ ಬೇಕಿತ್ತು, ಪ್ರಸಾದ ಹಿಡಿದ ಕೈ ಬೇಡವಾಯಿತು. ಕೊನೆಗೆ ಗ್ರಂಥ ತೆರೆದು ನೋಡಿದರು. 1604ರಿಂದಲೂ ಚಮ್ಮಾರ ರವಿದಾಸರ ಪದಗಳನ್ನು ಒಳಗಿಟ್ಟುಕೊಂಡ ಗ್ರಂಥ ಅದು. ತೆರೆದ ಪುಟ ಪ್ರಸಾದ ತಂದವರ ಪರವಾಗಿತ್ತು. ಪೂಜಾರಿ ಬಗ್ಗಬೇಕಾಯಿತು. ಮರುತಿಂಗಳೇ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಹುಟ್ಟಿತು. ಗುರುದ್ವಾರಗಳನ್ನು ಮಹಂತರಿಂದ ಬಿಡಿಸಿಕೊಂಡ ದೊಡ್ಡ ಚಳವಳಿಯ ಬಾಗಿಲು ತೆರೆದದ್ದು ಹೀಗೆ, ಕೆಳಗಿನವರ ಕೈಯ ಪ್ರಸಾದದಿಂದ.

1936ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರೂ ಅಮೃತಸರದ ಸಿಖ್ ಸಮ್ಮೇಳನಕ್ಕೆ ಹೋಗಿದ್ದರು. ಕೊನೆಗೆ 1956ರಲ್ಲಿ ಅವರು ಹಿಡಿದದ್ದು ಬುದ್ಧನ ದಾರಿ.

ಜೈತಾನ ಕುಲದಲ್ಲಿ ಇನ್ನೊಬ್ಬ ಕವಿ ಹುಟ್ಟಿದ: ಸಂತ್ ರಾಮ್ ಉದಾಸಿ, 1939ರಲ್ಲಿ. ಹಳ್ಳಿಯ ಶಾಲಾ ಮೇಷ್ಟ್ರು. ಕೂಲಿಯವರ ಹಾಡು ಕಟ್ಟಿ ಹಾಡಿದ್ದಕ್ಕೆ, ನಕ್ಸಲೀಯ ಚಳವಳಿಯ ಜೊತೆ ನಿಂತದ್ದಕ್ಕೆ 1971ರಲ್ಲಿ ಜೈಲು, ಪೊಲೀಸರ ಚಿತ್ರಹಿಂಸೆ. 1986ರಲ್ಲಿ, ಗುರು ಗೋಬಿಂದರು ಕಣ್ಣು ಮುಚ್ಚಿದ ನಾಂದೇಡಿಗೆ ಹೋಗಿ ಹಿಂತಿರುಗುವಾಗ ರೈಲಿನಲ್ಲೇ ತೀರಿಕೊಂಡ. ಅವನ ಹಾಡು ಇನ್ನೂ ಸತ್ತಿಲ್ಲ.

2011ರ ಜನಗಣತಿಯಂತೆ ಪಂಜಾಬಿನಲ್ಲಿ 100 ಜನರಲ್ಲಿ 32 ಜನ ಪರಿಶಿಷ್ಟರು. ಹೊಲ ಮಾತ್ರ ಬಹುಪಾಲು ಜಾಟರ ಕೈಯಲ್ಲಿ. ಎಷ್ಟೋ ಹಳ್ಳಿಗಳಲ್ಲಿ ಗುರುದ್ವಾರ ಬೇರೆ, ಸುಡುಗಾಡೂ ಬೇರೆ. ಅಪ್ಪುಗೆ ದೊಡ್ಡದು, ನಿಜ. ಆದರೆ ನೆಲ ಹಂಚಿಕೊಳ್ಳದ ಅಪ್ಪುಗೆ ಎಷ್ಟು ದಿನ ಬಿಸಿ ಇದ್ದೀತು?

ಮೇಷ್ಟ್ರೇ, ತೇಗ್ ಬಹಾದೂರರ ಪಾಠ ಮಾಡುವಾಗ ತಲೆ ಹೊತ್ತವನ ಹೆಸರನ್ನೂ ಮಕ್ಕಳಿಗೆ ಹೇಳಿ. ಅವನ ಮೊಮ್ಮಕ್ಕಳ ಹೆಣ ಯಾವ ಸುಡುಗಾಡಿಗೆ ಹೋಗ್ತದೆ ಅನ್ನೋದನ್ನೂ ಹೇಳಿ. ಎರಡೂ ಇತಿಹಾಸವೇ.