ಮಕ್ಕಳ ಬೇಸಿಗೆ ಶಿಬಿರ (ಬಳ್ಳಾರಿ ಜಿಲ್ಲೆ)

ಮಕ್ಕಳ ಬೇಸಿಗೆ ಶಿಬಿರವು ಶಾಲೆಗಳ ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ಏರ್ಪಡಿಸುವ, ಆಟ, ಕಲೆ, ಓದು ಹಾಗೂ ಸಹಜೀವನವನ್ನು ಒಳಗೊಂಡ ಅಲ್ಪಾವಧಿಯ ಕಲಿಕಾ ಕಾರ್ಯಕ್ರಮವಾಗಿದೆ. ಕರ್ನಾಟಕದಲ್ಲಿ ಇಂತಹ ಶಿಬಿರಗಳು ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗಿನ ಅವಧಿಯಲ್ಲಿ ನಡೆಯುತ್ತವೆ. ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಪರಿಸರದಲ್ಲಿ ಈ ಶಿಬಿರಗಳ ಸ್ವರೂಪವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ತೀವ್ರವಾದ ಬಿಸಿಲು, ಕೃಷಿ ಕೂಲಿಯನ್ನು ಅವಲಂಬಿಸಿದ ಕುಟುಂಬಗಳ ಬದುಕು ಮತ್ತು ಈ ನೆಲದ ರಂಗಭೂಮಿ ಪರಂಪರೆ.

ಹಿನ್ನೆಲೆ

ಆಧುನಿಕ ಬೇಸಿಗೆ ಶಿಬಿರದ ಮೂಲವನ್ನು ಅಮೆರಿಕದಲ್ಲಿ ಗುರುತಿಸಲಾಗುತ್ತದೆ. 1861ರಲ್ಲಿ ಕನೆಕ್ಟಿಕಟ್ ರಾಜ್ಯದ ಶಾಲಾ ಶಿಕ್ಷಕ ಫ್ರೆಡರಿಕ್ ಗನ್ ತಮ್ಮ ವಿದ್ಯಾರ್ಥಿಗಳನ್ನು ಬಯಲಿಗೆ ಕರೆದೊಯ್ದು ನಡೆಸಿದ ಶಿಬಿರವನ್ನು ಮೊದಲ ಪ್ರಯೋಗಗಳಲ್ಲಿ ಒಂದೆಂದು ಪರಿಗಣಿಸುತ್ತಾರೆ. ಮುಂದೆ ವಿವಿಧ ಸಮುದಾಯಗಳು ತಮ್ಮ ಭಾಷೆ ಮತ್ತು ಆಚರಣೆಗಳನ್ನು ಎಳೆಯರಿಗೆ ದಾಟಿಸಲು ಈ ಮಾದರಿಯನ್ನು ಬಳಸಿಕೊಂಡವು. ಯಹೂದಿ ಶಿಬಿರಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. 1947ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಆರಂಭವಾದ ರಾಮಾ ಶಿಬಿರದಲ್ಲಿ ಈಜು, ಆಟ, ನಾಟಕಗಳ ಜೊತೆಗೆ ಹೀಬ್ರೂ ಭಾಷೆಯ ಬಳಕೆ ಮತ್ತು ಸಬ್ಬತ್ ಆಚರಣೆಗಳೂ ದಿನಚರಿಯ ಭಾಗವಾದವು. ಪಾಠವಾಗಿ ಕಲಿಸಲು ಕಷ್ಟವಾದುದನ್ನು ಬದುಕುವ ಕ್ರಮವಾಗಿ ಕಲಿಸುವುದು ಈ ಶಿಬಿರಗಳ ತತ್ತ್ವ.

ಕರ್ನಾಟಕದಲ್ಲಿ ಮಕ್ಕಳ ಶಿಬಿರಗಳ ಬೆಳವಣಿಗೆಗೆ ರಂಗಭೂಮಿಯ ಕೊಡುಗೆ ದೊಡ್ಡದು. 1989ರಲ್ಲಿ ಬಿ. ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಂಗಾಯಣವು ನಡೆಸುತ್ತಾ ಬಂದಿರುವ 'ಚಿಣ್ಣರ ಮೇಳ' ನಾಡಿನ ಅನೇಕ ಶಿಬಿರಗಳಿಗೆ ಮಾದರಿಯಾಗಿದೆ. ಬಾಲಭವನಗಳು ಹಾಗೂ ಸ್ಕೌಟ್ಸ್ ಮತ್ತು ಗೈಡ್ಸ್ ಘಟಕಗಳು ಸಹ ಶಿಬಿರಗಳನ್ನು ನಡೆಸುತ್ತವೆ. ಇತ್ತೀಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿಯೂ ಉಚಿತ ಬೇಸಿಗೆ ಶಿಬಿರಗಳು ನಡೆಯುತ್ತಿವೆ. ಇದರಿಂದ ನಗರದ ಮಕ್ಕಳಿಗಷ್ಟೇ ಸೀಮಿತವಾಗಿದ್ದ ಅವಕಾಶ ಹಳ್ಳಿಗಳಿಗೂ ತಲುಪುವಂತಾಗಿದೆ.

ಸ್ಥಳೀಯ ಸಂದರ್ಭ

ಬಳ್ಳಾರಿ ಜಿಲ್ಲೆಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಸಿರುಗುಪ್ಪ ತಾಲ್ಲೂಕು ತುಂಗಭದ್ರಾ ಮತ್ತು ಹಗರಿ (ವೇದಾವತಿ) ನದಿಗಳ ಬಯಲಿನಲ್ಲಿದ್ದು ಭತ್ತದ ಬೆಳೆಗೆ ಹೆಸರಾಗಿದೆ. ಜಿಲ್ಲೆಯಲ್ಲಿ ಮೆಣಸಿನಕಾಯಿ ಮತ್ತು ಹತ್ತಿ ಬೆಳೆಗಳೂ ಮುಖ್ಯವಾದವು. ಕೂಲಿ ಕುಟುಂಬಗಳಲ್ಲಿ ದೊಡ್ಡವರು ದುಡಿಮೆಗೆ ಹೋದಾಗ ರಜೆಯಲ್ಲಿರುವ ಮಕ್ಕಳು ತಮ್ಮಂದಿರನ್ನೂ ತಂಗಿಯರನ್ನೂ ನೋಡಿಕೊಳ್ಳುತ್ತಾ ಮನೆಯಲ್ಲಿ ಉಳಿಯುತ್ತಾರೆ, ಇಲ್ಲವೇ ಹೊಲಕ್ಕೆ ಹೋಗುತ್ತಾರೆ.

2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಷೇಧ ಕಾಯಿದೆಯು 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ನೇಮಿಸುವುದನ್ನು ನಿಷೇಧಿಸುತ್ತದೆ. ಆದರೆ ಶಾಲೆಯ ಅವಧಿಯ ನಂತರ ಹಾಗೂ ರಜಾ ದಿನಗಳಲ್ಲಿ, ಅಪಾಯಕಾರಿಯಲ್ಲದ ಕೆಲಸಗಳಲ್ಲಿ ಕುಟುಂಬಕ್ಕೆ ನೆರವಾಗಲು ಅದು ಅವಕಾಶ ನೀಡುತ್ತದೆ. ಈ ವಿನಾಯಿತಿಯ ಕಾರಣದಿಂದ, ರಜೆಯ ಅವಧಿಯಲ್ಲಿ ನೆರವಿಗೂ ದುಡಿಮೆಗೂ ನಡುವಿನ ಗೆರೆ ಮಸುಕಾಗುತ್ತದೆ. ದೀರ್ಘ ರಜೆಯಲ್ಲಿ ಓದಿನ ಅಭ್ಯಾಸ ತಪ್ಪಿದ ಮಗು ಶಾಲೆಗೆ ಮರಳದೇ ಹೋಗುವ ಸಾಧ್ಯತೆಯೂ ಉಂಟು. ಆದುದರಿಂದ ಈ ಭಾಗದಲ್ಲಿ ಉಚಿತ ಶಿಬಿರವು ಮನರಂಜನೆಯ ಜೊತೆಗೆ ಮಗುವನ್ನು ಶಾಲೆಯ ನಂಟಿನಲ್ಲಿ ಉಳಿಸುವ ಸಾಧನವೂ ಆಗಿದೆ.

ಚಟುವಟಿಕೆಗಳು

ರಂಗಕಲೆ: ಬಳ್ಳಾರಿಯು ನಟ ಬಳ್ಳಾರಿ ರಾಘವ (1880–1946) ಅವರ ಕರ್ಮಭೂಮಿ. ಗಮಕಿ ಹಾಗೂ ರಂಗಕಲಾವಿದ ಜೋಳದರಾಶಿ ದೊಡ್ಡನಗೌಡರು ಮತ್ತು ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು ಇದೇ ನೆಲದವರು. ಶಿಬಿರಗಳಲ್ಲಿ ಅಭಿನಯ, ಕಥೆ ಹೇಳುವಿಕೆ, ಮುಖವಾಡ ತಯಾರಿಕೆ, ಹಾಡು ಮತ್ತು ಕೋಲಾಟಗಳಿಗೆ ಹೆಚ್ಚಿನ ಸಮಯ ದೊರೆಯುತ್ತದೆ. ಹಳೆಯ ರಟ್ಟು, ಬಿದಿರು ಕಡ್ಡಿ, ಬಿಳಿ ಬಟ್ಟೆ ಮತ್ತು ಒಂದು ದೀಪ ಇದ್ದರೆ ನೆರಳುಗೊಂಬೆಯಾಟ ಸಿದ್ಧವಾಗುತ್ತದೆ. ಕೊನೆಯ ದಿನ ಪೋಷಕರ ಮುಂದೆ ಮಕ್ಕಳೇ ನಾಟಕ ಆಡುವುದು ರೂಢಿ.

ದೇಸಿ ಆಟಗಳು: ಲಗೋರಿ, ಚಿಣ್ಣಿದಾಂಡು, ಕುಂಟಾಬಿಲ್ಲೆ, ಬುಗುರಿ, ಕಬಡ್ಡಿ ಮತ್ತು ಖೊಖೊ ಹೊರಾಂಗಣದ ಆಟಗಳು. ಅಳಗುಳಿಮಣೆ, ಚೌಕಾಬಾರ ಮತ್ತು ಹುಲಿ-ಕುರಿ ಆಟಗಳನ್ನು ನೆರಳಿನಲ್ಲಿ ಕುಳಿತು ಆಡಬಹುದು. ಇವುಗಳಿಗೆ ಹುಣಸೆಬೀಜ, ಕವಡೆ, ಬೆಣಚುಕಲ್ಲು ಮತ್ತು ಸೀಮೆಸುಣ್ಣದ ಗೆರೆಗಳೇ ಸಾಕು. ಎಣಿಕೆ, ಮುಂದಾಲೋಚನೆ ಮತ್ತು ಸೋಲನ್ನು ಒಪ್ಪಿಕೊಳ್ಳುವ ಗುಣಗಳು ಇಲ್ಲಿ ಆಟದ ನಡುವೆಯೇ ಬರುತ್ತವೆ.

ಕರಕುಶಲ: ಜೇಡಿಮಣ್ಣಿನ ಬೊಂಬೆ, ಕಾಗದದ ಮಡಿಕೆ, ಗಾಳಿಪಟ ಮತ್ತು ಚಿತ್ರಕಲೆ ಸಾಮಾನ್ಯವಾದವು. ಬಳ್ಳಾರಿಯು ಜೀನ್ಸ್ ಉಡುಪು ತಯಾರಿಕೆಗೆ ಹೆಸರಾಗಿರುವುದರಿಂದ, ಹೊಲಿಗೆ ಘಟಕಗಳಲ್ಲಿ ಉಳಿಯುವ ಬಟ್ಟೆಚೂರುಗಳು ಚೀಲ ಹಾಗೂ ಗೊಂಬೆಗಳ ತಯಾರಿಕೆಗೆ ಸುಲಭವಾಗಿ ಒದಗಬಲ್ಲವು.

ಓದು ಮತ್ತು ಭಾಷೆ: 1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಬಳ್ಳಾರಿಯಲ್ಲಿ ಕನ್ನಡ, ತೆಲುಗು ಮತ್ತು ಉರ್ದು ಮಾತನಾಡುವ ಮಕ್ಕಳು ಒಂದೇ ಓಣಿಯಲ್ಲಿ ಬೆಳೆಯುತ್ತಾರೆ. ಗಟ್ಟಿಯಾಗಿ ಓದುವುದು, ಗೋಡೆಪತ್ರಿಕೆ ಬರೆಯುವುದು, ಮನೆಯ ಹಿರಿಯರಿಂದ ಗಾದೆ, ಒಗಟು ಮತ್ತು ಕಥೆಗಳನ್ನು ಸಂಗ್ರಹಿಸಿ ತರುವುದು ಈ ವಿಭಾಗದ ಮುಖ್ಯ ಚಟುವಟಿಕೆಗಳು. ಒಂದು ಭಾಷೆಯ ಒಗಟನ್ನು ಇನ್ನೊಂದರಲ್ಲಿ ಹೇಳಿಸುವುದು ಮಕ್ಕಳಿಗೆ ಬಹಳ ಪ್ರಿಯವಾದ ಆಟ.

ಪರಂಪರೆ ನಡಿಗೆ: ಬಳ್ಳಾರಿಯ ಕೋಟೆ ಮತ್ತು ನಗರದ ಸಮೀಪದ ಸಂಗನಕಲ್ಲು ನವಶಿಲಾಯುಗದ ನೆಲೆ ಪ್ರಮುಖ ತಾಣಗಳು. ಸಂಗನಕಲ್ಲು ಪರಿಸರದಲ್ಲಿ ಕಲ್ಲಿನ ಕೊಡಲಿಗಳು ತಯಾರಾಗುತ್ತಿದ್ದವು. ಅಲ್ಲಿನ ಬೆಟ್ಟಗಳಲ್ಲಿ ಬಂಡೆಯ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳೂ, ತಟ್ಟಿದರೆ ನಾದ ಹೊಮ್ಮುವ ಬಂಡೆಗಳೂ ಇವೆ. ಈ ಶೋಧಗಳಿಗೆ ನೆರವಾದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯವು ಬಳ್ಳಾರಿಯಲ್ಲಿದೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯೂ ಉತ್ಖನನ ನಡೆದ ನವಶಿಲಾಯುಗದ ನೆಲೆ. ಕುರುಗೋಡು ಸಿಂದ ಅರಸರ ರಾಜಧಾನಿಯಾಗಿತ್ತು. ಅಲ್ಲಿನ ದೊಡ್ಡಬಸವೇಶ್ವರ ದೇವಾಲಯದ ಬೃಹತ್ ನಂದಿ ಪ್ರಸಿದ್ಧವಾಗಿದೆ. ಬಂಡೆಚಿತ್ರಗಳನ್ನು ಗೀಚಬಾರದು, ಕಲ್ಲಿನ ಚೂರುಗಳನ್ನು ಎತ್ತಿ ತರಬಾರದು ಎಂಬುದು ನಡಿಗೆಯ ಮೊದಲ ಪಾಠ. ಕಂಡುದನ್ನು ಮಕ್ಕಳು ಪುಸ್ತಕದಲ್ಲಿ ಚಿತ್ರಿಸಿಕೊಂಡು ತರುತ್ತಾರೆ.

ಸಮಯ, ಆಹಾರ ಮತ್ತು ಸುರಕ್ಷತೆ

ಬಿಸಿಲಿನ ಕಾರಣ ಹೊರಾಂಗಣದ ಆಟಗಳನ್ನು ಮುಂಜಾನೆ ಅಥವಾ ಇಳಿಹೊತ್ತಿಗೆ ಸೀಮಿತಗೊಳಿಸುವುದು ಅವಶ್ಯಕ. ನಡುಹಗಲಿನ ಹೊತ್ತು ಕಥೆ, ಚಿತ್ರ ಮತ್ತು ಮಣೆಯಾಟಗಳಿಗೆ ಮೀಸಲು. ಮಜ್ಜಿಗೆ, ಪಾನಕ ಅಥವಾ ಉಪ್ಪು-ಸಕ್ಕರೆ ಬೆರೆಸಿದ ನೀರನ್ನು ಆಗಾಗ ಕೊಡಬೇಕು. ತಲೆಸುತ್ತು, ವಾಂತಿ ಅಥವಾ ಅತಿಯಾದ ಆಯಾಸ ಕಂಡುಬಂದ ಮಗುವನ್ನು ಕೂಡಲೇ ನೆರಳಿಗೆ ಕರೆತಂದು ಮೈ ತಂಪಾಗಿಸಬೇಕು. ಪ್ರಜ್ಞೆ ಮಸುಕಾದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ನದಿ ಮತ್ತು ತುಂಗಭದ್ರಾ ಕಾಲುವೆಗಳ ನೀರು ಇನ್ನೊಂದು ಅಪಾಯ. ಕಾಲುವೆಯ ಸೆಳವು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಜಾರುವ ಕಾಂಕ್ರೀಟ್ ಇಳಿಜಾರನ್ನು ಹತ್ತಿ ಬರುವುದು ಈಜು ಬಲ್ಲವರಿಗೂ ಕಷ್ಟ. ದೊಡ್ಡವರ ಕಾವಲಿಲ್ಲದೆ ನೀರಿಗೆ ಇಳಿಯದಂತೆ ತಿಳಿಹೇಳುವುದು ಶಿಬಿರದ ಕರ್ತವ್ಯಗಳಲ್ಲಿ ಒಂದು. 2012ರ ಪೋಕ್ಸೊ ಕಾಯಿದೆಯ ಹಿನ್ನೆಲೆಯಲ್ಲಿ ಸುರಕ್ಷಿತ ಮತ್ತು ಅಸುರಕ್ಷಿತ ಸ್ಪರ್ಶದ ತಿಳಿವಳಿಕೆ ಹಾಗೂ 1098 ಮಕ್ಕಳ ಸಹಾಯವಾಣಿಯ ಪರಿಚಯವನ್ನೂ ಮಾಡಿಕೊಡಲಾಗುತ್ತದೆ.

ಬಿಸಿಯೂಟವನ್ನು ನೆಚ್ಚಿದ ಮಕ್ಕಳಿಗೆ ರಜೆಯೆಂದರೆ ಒಂದು ಹೊತ್ತಿನ ಊಟ ತಪ್ಪುವುದು ಎಂದೂ ಅರ್ಥ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಬಿಸಿಯೂಟ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಆದೇಶಿಸಿತು. ಊಟದ ವ್ಯವಸ್ಥೆಯಿರುವ ಶಿಬಿರಕ್ಕೆ ಬಡ ಕುಟುಂಬಗಳ ಮಕ್ಕಳು ಬರುವುದು ಸುಲಭವಾಗುತ್ತದೆ.

ಟೀಕೆಗಳು

ಶುಲ್ಕ ಆಧಾರಿತ ಶಿಬಿರಗಳು ಉಳ್ಳವರ ಮಕ್ಕಳಿಗಷ್ಟೇ ಎಟುಕುತ್ತವೆ ಎಂಬುದು ಮುಖ್ಯ ಆಕ್ಷೇಪ. ಮುಂದಿನ ತರಗತಿಯ ಪಠ್ಯವನ್ನೇ ಮುಂಚಿತವಾಗಿ ಬೋಧಿಸುವ, ಬಹುಮಾನ ಮತ್ತು ಸ್ಪರ್ಧೆಗಳಿಗೆ ಒತ್ತು ಕೊಡುವ ಶಿಬಿರಗಳು ಮಗುವಿನ ರಜೆಯನ್ನು ಕಸಿಯುತ್ತವೆ ಎಂಬ ಅಭಿಪ್ರಾಯವೂ ಇದೆ. ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಬೇಕಾದ ಹೆಣ್ಣುಮಕ್ಕಳು ಶಿಬಿರದಿಂದ ಹೊರಗುಳಿಯುವುದು ಅಷ್ಟೇ ಗಂಭೀರವಾದ ಕೊರತೆ. ಅಂಗನವಾಡಿಯ ಸಮೀಪ ಶಿಬಿರ ನಡೆಸುವುದು ಮತ್ತು ಎಳೆಯ ಮಕ್ಕಳನ್ನು ಜೊತೆಗೆ ಕರೆತರಲು ಅವಕಾಶ ಕೊಡುವುದು ಈ ಕೊರತೆಯನ್ನು ನೀಗಿಸುವ ಸರಳ ಮಾರ್ಗಗಳಾಗಿವೆ.

ಇವನ್ನೂ ನೋಡಿ

ರಂಗಾಯಣ
ಬಳ್ಳಾರಿ ರಾಘವ
ತೊಗಲುಗೊಂಬೆಯಾಟ
ಸಂಗನಕಲ್ಲು
ಕುರುಗೋಡು
ಅಳಗುಳಿಮಣೆ