ಸಂಧಾನ: ಹಗೆಯೊಡನೆ ಆಡುವ ಮಾತಿನ ಅರ್ಥವ್ಯಾಪ್ತಿ

ಹಗೆಯೊಡನೆ ಮಾತಿಗೆ ಕೂರುವುದಕ್ಕೆ ಕನ್ನಡದಲ್ಲಿ ರೂಢಿಯಲ್ಲಿರುವ ಪದ ‘ಸಂಧಾನ’. ಇಡು ಎಂಬರ್ಥದ ‘ಧಾ’ ಧಾತುವಿಗೆ ‘ಸಮ್’ ಉಪಸರ್ಗ ಸೇರಿ ಹುಟ್ಟಿದ ಈ ಸಂಸ್ಕೃತ ಪದದ ಮೂಲಾರ್ಥ ಕೂಡಿಸುವುದು, ಜೋಡಿಸುವುದು. ‘ಸಂಧಿ’ಯೂ ಅದೇ ಧಾತುವಿನದು. ವ್ಯಾಕರಣದಲ್ಲಿ ಅಕ್ಷರಗಳು ಕೂಡಿದರೆ ಸಂಧಿ, ದೇಹದಲ್ಲಿ ಎಲುಬುಗಳು ಕೂಡುವೆಡೆ ಸಂಧಿ, ಷಟ್ಪದಿ ಕಾವ್ಯದ ಅಧ್ಯಾಯವೂ ಸಂಧಿ. ಬಿಲ್ಲಿನ ಹೆದೆಗೆ ಬಾಣ ಹೂಡುವುದಕ್ಕೂ ಸಂಧಾನವೆಂದೇ ಹೆಸರು. ಇದನ್ನು ವಿರೋಧಾಭಾಸವೆಂದು ಭಾವಿಸಬೇಕಿಲ್ಲ. ಎರಡನ್ನು ಒಂದೆಡೆ ತರುವುದಷ್ಟೇ ಪದದ ಕೆಲಸ. ಅವುಗಳ ನಡುವೆ ಒಲವಿರಬೇಕೆಂಬ ಷರತ್ತು ಅದರಲ್ಲಿಲ್ಲ.

ರಾಜನೀತಿಯಲ್ಲಿ ಈ ಅರ್ಥ ಖಚಿತವಾಗಿ ಕಾಣುವುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಈ ಗ್ರಂಥದ ಏಳನೆಯ ಅಧಿಕರಣವು ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ಗುಣಗಳನ್ನು ವಿವರಿಸುತ್ತದೆ. ಅಲ್ಲಿ ಸಂಧಿಯೆಂದರೆ ಕರಾರಿನ ಕಟ್ಟು. ಶತ್ರುವಿಗಿಂತ ಬಲ ಕಡಿಮೆಯಿದ್ದವನು ಹಿಡಿಯಬೇಕಾದ ದಾರಿ. ಆ ಕಟ್ಟು ಯಾವುದರಿಂದ ಗಟ್ಟಿಯಾಗುತ್ತದೆ ಎಂಬ ಚರ್ಚೆ ಬಹಳ ಸ್ವಾರಸ್ಯಕರ. ಸತ್ಯ, ಶಪಥಗಳು ಚಂಚಲ, ಜಾಮೀನು ಮತ್ತು ಒತ್ತೆಯೇ ಭದ್ರ ಎಂದು ಹಿಂದಿನ ಆಚಾರ್ಯರ ಮತ. ಕೌಟಿಲ್ಯ ಒಪ್ಪುವುದಿಲ್ಲ. ಸತ್ಯ, ಶಪಥಗಳು ಇಹಪರಗಳೆರಡರಲ್ಲೂ ನಿಲ್ಲುತ್ತವೆ; ಒತ್ತೆಯು ಇಹಕ್ಕಷ್ಟೇ, ಅದೂ ಬಲವಿರುವ ತನಕ ಎಂಬುದು ಅವನ ವಾದ.

1792ರ ಶ್ರೀರಂಗಪಟ್ಟಣದ ಒಪ್ಪಂದ ಈ ಮಾತಿಗೆ ಕಣ್ಣೆದುರಿನ ನಿದರ್ಶನ. ಟಿಪ್ಪು ಸುಲ್ತಾನ ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ತೆರಲು ಒಪ್ಪಿ, ಎಳೆಯ ಮಕ್ಕಳಿಬ್ಬರನ್ನು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ವಶಕ್ಕೆ ಒತ್ತೆಯಾಗಿ ಕೊಟ್ಟ. 1794ರಲ್ಲಿ ಮಕ್ಕಳು ಮನೆಗೆ ಮರಳಿದರು. 1799ರಲ್ಲಿ ಅದೇ ಕೋಟೆಯಲ್ಲಿ ತಂದೆ ಹೋರಾಡುತ್ತ ಮಡಿದ. ಒತ್ತೆಯಿಟ್ಟು ಕಟ್ಟಿದ ಸಂಧಿ ಏಳು ವರ್ಷವೂ ಸರಿಯಾಗಿ ಬಾಳಲಿಲ್ಲ.

ಕರ್ನಾಟಕದ ಶಾಸನಗಳಲ್ಲಿ ಬರುವ ‘ಸಂಧಿವಿಗ್ರಹಿ’, ‘ಮಹಾಸಂಧಿವಿಗ್ರಹಿ’ ಎಂಬ ಅಧಿಕಾರನಾಮಗಳೂ ಇಲ್ಲಿ ಮುಖ್ಯ. ಕೂಡಿಸುವುದಕ್ಕೂ ಕಾದುವುದಕ್ಕೂ ಒಬ್ಬನೇ ಅಧಿಕಾರಿ.

ಸಂಧಿ ಫಲ, ಸಂಧಾನ ಪ್ರಯತ್ನ. ಈ ಭೇದವನ್ನು ಜನಮನದಲ್ಲಿ ಉಳಿಸಿರುವುದು ಉದ್ಯೋಗಪರ್ವದ ಕಥೆ. ಕೃಷ್ಣ ಹಸ್ತಿನಾವತಿಗೆ ಹೋಗಿ ಪಾಂಡವರಿಗೆ ಐದೂರನ್ನಾದರೂ ಕೊಡೆಂದು ಕೇಳುತ್ತಾನೆ. ಕೌರವ ಕೊಡುವುದಿಲ್ಲ, ದೂತನನ್ನೇ ಕಟ್ಟಿಹಾಕಲು ಹೊರಡುತ್ತಾನೆ. ಸಂಧಿ ಆಗಲೇ ಇಲ್ಲ, ಆದರೂ ಯಕ್ಷಗಾನ ಪ್ರಸಂಗದ ಹೆಸರು ‘ಕೃಷ್ಣಸಂಧಾನ’. ತಾಳಮದ್ದಳೆಯಲ್ಲಿ ಕೃಷ್ಣ, ಕೌರವರ ಅರ್ಥಧಾರಿಗಳು ಎದುರುಬದುರು ಕೂತು ಮಾತಿಗೆ ಮಾತು ಕೊಡುವಾಗ, ಮುರಿದುಬೀಳುವುದು ಖಚಿತವೆಂದು ತಿಳಿದೂ ಕೇಳುಗರು ಕಿವಿಗೊಟ್ಟು ಕೂರುತ್ತಾರೆ. ಫಲಿಸದಿದ್ದರೂ ಸಂಧಾನ ಸಂಧಾನವೇ.

ಅರಬ್ಬೀ ಮೂಲದ ‘ರಾಜಿ’ಯ ಸ್ವಭಾವ ಬೇರೆ. ಅದರಲ್ಲಿ ಒಪ್ಪಿಗೆ ಮೊದಲೇ ಅಡಗಿದೆ. ಆಗದ ರಾಜಿಯನ್ನು ರಾಜಿ ಎನ್ನಲಾಗದು. ಲೋಕ ಅದಾಲತ್ತಿನ ಸುದ್ದಿಗಳಲ್ಲಿ ‘ರಾಜಿ ಸಂಧಾನ’ ಎಂದು ಎರಡೂ ಜೋಡಿಪದವಾಗಿ ಬರುತ್ತವೆ, ಅಲ್ಲಿ ಪ್ರಯತ್ನವೂ ಒಪ್ಪಿಗೆಯೂ ಸೇರಿರುವುದರಿಂದ ಆ ಬಳಕೆ ಸಲ್ಲುತ್ತದೆ. ಆದರೆ ಒಂದರ ಬದಲಿಗೆ ಇನ್ನೊಂದನ್ನು ಬರೆಯುವುದು ತಪ್ಪು.